ಪ್ಲಗಿನ್ ಸ್ಟೇಟ್‌ನಲ್ಲಿ ಫೈಲ್ ಪಾತ್: ನಾನು ಮಾಡಿಕೊಂಡ ದಾರಿ

ಶಿರಸಿಯಲ್ಲಿ ಕೂತು ನಾನು ಬರೆದ ಸ್ಯಾಂಪ್ಲರ್ ಪ್ಲಗಿನ್‌ನಲ್ಲಿ ಚಂಡೆ, ಮದ್ದಳೆಯ ಪೆಟ್ಟುಗಳಿವೆ. ಅಂದರೆ ರೆಕಾರ್ಡ್ ಮಾಡಿದ ಸದ್ದಿನ ಫೈಲ್‌ಗಳನ್ನು ನುಡಿಸುವ ಪುಟ್ಟ ಪ್ರೋಗ್ರಾಂ; ಅದು ಓಡುವುದು ಹೋಸ್ಟ್ ಎನ್ನುವ ಸಂಗೀತ ಸಾಫ್ಟ್‌ವೇರ್ ಒಳಗೆ. ನನ್ನದು ವಿಂಡೋಸ್. ಕುಮಟಾದ ಗೆಳೆಯನದು ಹಳೇ ಮ್ಯಾಕ್, ಜೊತೆಗೊಂದು ಲಿನಕ್ಸ್. ಪ್ರಾಜೆಕ್ಟ್ ಮೂರರಲ್ಲೂ ಓಡಾಡುತ್ತದೆ. ಪ್ರಾಜೆಕ್ಟ್ ಜೊತೆ ಸೇವ್ ಆಗುವ ಪ್ಲಗಿನ್ ಮಾಹಿತಿಯೇ ಸ್ಟೇಟ್. ಅದರಲ್ಲಿ ನನ್ನ ಡಿ ಡ್ರೈವ್‌ನ ಪೂರ್ತಿ ಪಾತ್, ಅಂದರೆ ಫೈಲ್ ಇರುವ ಜಾಗದ ವಿಳಾಸ, ಬರೆದಿಟ್ಟರೆ ಅಲ್ಲಿ ಅದರಿಂದ ಏನೂ ಉಪಯೋಗ ಇಲ್ಲ, ಅಲ್ವಾ?

ಪ್ರಾಜೆಕ್ಟ್ ಫೋಲ್ಡರ್‌ನಿಂದ ಲೆಕ್ಕ ಹಿಡಿಯೋಣ ಅಂದರೆ, ವಿಎಸ್‌ಟಿ3 ಎನ್ನುವ ಪ್ಲಗಿನ್ ಮಾದರಿಯಲ್ಲಿ ಆ ಫೋಲ್ಡರ್ ಎಲ್ಲಿದೆ ಎಂದು ಹೋಸ್ಟ್ ತಿಳಿಸುವ ಖಾತ್ರಿ ಇಲ್ಲ. ಇನ್ನೊಂದು ಮಾದರಿ ಎಲ್‌ವಿ2 ಈ ವಿಷಯದಲ್ಲಿ ಜಾಣ. ಪಾತನ್ನು ಹೋಸ್ಟ್ ಕೈಗೆ ಕೊಟ್ಟು, ಅದು ಬದಲಿಸಿ ಕೊಟ್ಟದ್ದನ್ನೇ ಸೇವ್ ಮಾಡಬಹುದು.

ನಾನು ಪೆಟ್ಟುಗಳ ಫೈಲ್‌ಗಳಿಗೆಂದೇ ಲೈಬ್ರರಿ ಫೋಲ್ಡರ್ ಒಂದನ್ನು ಇಟ್ಟುಕೊಂಡೆ. ಅದು ಎಲ್ಲಿದೆ ಎನ್ನುವುದು ಆಯಾ ಕಂಪ್ಯೂಟರಿನ ಸೆಟ್ಟಿಂಗ್ಸ್ ಫೈಲ್‌ನಲ್ಲಿರುತ್ತದೆ, ಸ್ಟೇಟ್‌ನಲ್ಲಿ ಅಲ್ಲ. ಸ್ಟೇಟ್‌ಗೆ ಹೋಗುವುದು ಲೈಬ್ರರಿಯಿಂದ ಮುಂದಿನ ಪಾತ್, ಫೈಲ್ ಗಾತ್ರ, ಹ್ಯಾಶ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿದ ಗುರುತು), ಮತ್ತೆ ಕೊನೆಗೆ ಕಂಡ ಪೂರ್ತಿ ಪಾತ್. ಪಾತ್‌ನಲ್ಲಿ ಫೋಲ್ಡರ್ ಹೆಸರುಗಳ ನಡುವಿನ ಗೆರೆ ಯಾವಾಗಲೂ ಮುಂದಕ್ಕೆ ಬಾಗಿದ್ದೇ (/). ತೆರೆಯುವಾಗ ಮೊದಲು ಲೈಬ್ರರಿ, ಆಮೇಲೆ ಹಳೇ ಪಾತ್. ಎರಡೂ ಕಡೆ ಇಲ್ಲದಿದ್ದರೆ ಹೆಸರಿನಿಂದ ಹುಡುಕಿ, ಹ್ಯಾಶ್ ನೋಡಿ ಖಚಿತ ಮಾಡಿಕೊಳ್ಳುತ್ತೇನೆ.

ಫೈಲ್ ಸಿಗಲೇ ಇಲ್ಲ ಅಂದರೆ? ಡೈಲಾಗ್ ಬಾಕ್ಸ್ ಮಾತ್ರ ಬೇಡ. ಹೋಸ್ಟ್ ಪ್ರಾಜೆಕ್ಟ್ ತೆರೆಯುತ್ತಿರುವಾಗ ಅದು ಅಡ್ಡ ನಿಂತರೆ ಎಲ್ಲವೂ ನಿಂತುಹೋಗಬಹುದು. ಆ ಪೆಟ್ಟು ಸುಮ್ನಿರುತ್ತದೆ, ಪ್ಲಗಿನ್ ಕಿಟಕಿಯಲ್ಲಿ ಹೆಸರು ಕೆಂಪಾಗುತ್ತದೆ, ಅಷ್ಟೇ. ಇನ್ನೊಂದು, ಇದನ್ನು ಜಾಸ್ತಿ ಒತ್ತಿ ಹೇಳುತ್ತೇನೆ: ಸಿಗದ ಫೈಲಿನ ಪಾತನ್ನು ಅಳಿಸಲೇಬಾರದು. ಗೆಳೆಯ ಪೆನ್‌ಡ್ರೈವ್ ಹಾಕುವುದನ್ನು ಮರೆತು ಪ್ರಾಜೆಕ್ಟ್ ತೆರೆದ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಆಟೋಸೇವ್ ಆದರೆ, ನಾವು ಖಾಲಿ ಪಾತ್ ಕೊಟ್ಟಿದ್ದರೆ, ಯಾವ ಚಂಡೆ ಬಳಸಿದ್ದ ಎನ್ನುವ ಸುಳಿವೂ ಹೋಯಿತು. ಓದಿದ ಪಾತನ್ನೇ ಹಾಗೇ ವಾಪಸ್ ಬರೆಯಬೇಕು.

ಕನ್ನಡದ ಫೈಲ್ ಹೆಸರುಗಳದ್ದು ಬೇರೆಯೇ ತರಲೆ. 'ದೊಡ್ಡಪೆಟ್ಟು' ತಗೊಳ್ಳಿ. ಯುನಿಕೋಡ್‌ನಲ್ಲಿ 'ದೊ'ದ ಒ-ಕಾರ ಒಂದೇ ಚಿಹ್ನೆಯಾಗಿಯೂ ಇರಬಹುದು, ಎ-ಕಾರ ಮತ್ತು ಊ-ಕಾರದ ಚಿಹ್ನೆಗಳ ಜೋಡಿಯಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಹಳೇ ಫೈಲ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಅದನ್ನು ಜೋಡಿಯಾಗಿ ಬಿಡಿಸಿ ಇಡುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಬೈಟ್ ಬೈಟ್ ಹೋಲಿಸಿ 'ಇಲ್ಲ' ಅನ್ನುತ್ತದೆ. ಅದಕ್ಕೆ ಫೋಲ್ಡರ್‌ನ ಹೆಸರುಗಳನ್ನೆಲ್ಲ ಓದಿ, ಎರಡೂ ಕಡೆಯನ್ನು ಎನ್‌ಎಫ್‌ಸಿಗೆ, ಅಂದರೆ ಇಂಥ ಜೋಡಿಯನ್ನು ಒಂದೇ ಚಿಹ್ನೆಯಾಗಿಸುವ ಯುನಿಕೋಡ್ ರೂಪಕ್ಕೆ, ತಂದು ಹೋಲಿಸುತ್ತೇನೆ. ತೆರೆಯುವುದು ಮಾತ್ರ ಡಿಸ್ಕ್‌ನಲ್ಲಿ ಇದ್ದ ಹೆಸರಿನಿಂದಲೇ.

ಆಡಿಯೋವನ್ನೇ ಸ್ಟೇಟ್‌ಗೆ ತುಂಬಬಹುದಲ್ಲ ಅಂತ ಗೆಳೆಯ ಕೇಳಿದ. 48 ಕಿಲೋಹರ್ಟ್ಸ್, 24 ಬಿಟ್, ಮೋನೋ ಅಂದರೆ ಸೆಕೆಂಡಿಗೆ 144 ಕಿಲೋಬೈಟ್. ಒಂದೆರಡು ಪೆಟ್ಟುಗಳಿಗೆ ಸರಿ. ಆದರೆ ಕೆಲವು ಹೋಸ್ಟ್‌ಗಳು ಅನ್‌ಡೂಗೂ ಸ್ಟೇಟ್ ಕೇಳುತ್ತವೆ. ಇಡೀ ಸೆಟ್ ತುಂಬಿದರೆ ಒಂದು ನಾಬ್ ತಿರುಗಿಸಿದಾಗಲೂ ಪ್ರಾಜೆಕ್ಟ್ ತಡವರಿಸುತ್ತದೆ.