ಏಳು ಮನೆ, ಏಳು ವಾರ, ಒಂದು ಕೋಳಿ ಗೂಡು

ಏಳು ಮನೆಯವರು ಸೇರಿ ಸಾಮಾಯಿಕ (ಎಲ್ಲರಿಗೂ ಸೇರಿದ) ಜಾಗೆಯಲ್ಲಿ ಕೋಳಿ ಸಾಕುತ್ತೇವೆ ಎಂದಾಗ ಧಾರವಾಡದಲ್ಲಿ ಕೇಳಿದವರೆಲ್ಲ ಹೆಚ್ಚೂಕಡಿಮೆ ಒಂದೇ ಮಾತು ಹೇಳಿದರು: “ಹತ್ತು ಮಂದಿ ಸೇರಿದಲ್ಲಿ ಹಾವು ಸಾಯಂಗಿಲ್ಲರೀ, ನೀವು ಕೋಳಿ ಬದುಕಿಸ್ತೀರೇನು?” ಈಗ ಅದೇ ಮಂದಿ ತತ್ತಿ ಕೇಳಿಕೊಂಡು ಬರುತ್ತಾರೆ. ಊರಂಚಿನಲ್ಲಿ 3 ಗುಂಟೆ ಕಾಯಿಪಲ್ಲೆ ಜಾಗೆ, ಅದರ ಮೂಲೆಗೆ ಗೂಡು, 28 ಹ್ಯಾಟೆ (ಹೆಣ್ಣುಕೋಳಿ), 7 ಮನೆ. ಮನೆಗೆ ವಾರಕ್ಕೆ 14ರ ಆಸುಪಾಸು ತತ್ತಿ ಸಿಗುತ್ತವೆ, ತಿಂಗಳಿಗೆ ಸುಮಾರು 350 ರೂಪಾಯಿ ಖರ್ಚು ಬರುತ್ತದೆ. ಅಂದರೆ ಒಂದು ತತ್ತಿಗೆ 6 ರೂಪಾಯಿಯ ಒಳಗೆ. ಜವಾರಿ (ನಾಟಿ) ಎಂದು ಅಂಗಡಿಯಲ್ಲಿ ಮಾರುವ ಕಂದು ತತ್ತಿಗೆ ಅದರ ಎರಡು ಪಟ್ಟು ಕೊಡಬೇಕು.

ಇದು ಕೈಗೂಡಿದ್ದು ತಳಿಯಿಂದಲ್ಲ, ಗೂಡಿನಿಂದಲೂ ಅಲ್ಲ. ಕೋಳಿ ಹಂಚಿಕೊಳ್ಳುವುದನ್ನು ಬಿಟ್ಟು ವಾರದ ದಿನ ಹಂಚಿಕೊಂಡದ್ದರಿಂದ.

ಮನೆಗೆ 4 ಕೋಳಿ, ಕಾಲಿಗೆ ಬಣ್ಣದ ಉಂಗುರ ಎನ್ನುವ ಏರ್ಪಾಟು ಎಲ್ಲಿಯೂ ಬಾಳಿಕೆ ಬರುವುದಿಲ್ಲ. ಆ 4ರಲ್ಲಿ ಒಂದು ಕಾವಿಗೆ ಕೂತಿರುತ್ತದೆ, ಇನ್ನೊಂದು ಪುಕ್ಕ ಉದುರಿಸುತ್ತಿರುತ್ತದೆ. ಪೆಟ್ಟಿಗೆ 6 ಇಟ್ಟರೂ ಅರ್ಧಕ್ಕರ್ಧ ಕೋಳಿ ಹೋಗಿ ಇಡುವುದು ಒಂದೇ ಪೆಟ್ಟಿಗೆಯಲ್ಲಿ. ಯಾರ ತತ್ತಿ ಯಾವುದು ಎಂದು ಯಾರು ಹೇಳಬೇಕು? ಯಾರ ಕೋಳಿ ಸತ್ತಿತು, ಯಾರ ಕೋಳಿ ಕಾಳು ಹೆಚ್ಚು ತಿಂದಿತು ಎಂಬ ಲೆಕ್ಕ ಶುರುವಾದರೆ ಮೂರೇ ತಿಂಗಳಲ್ಲಿ ಗೂಡು ಖಾಲಿ.

ನಮ್ಮಲ್ಲಿ ಸೋಮವಾರದ ಮನೆ, ಮಂಗಳವಾರದ ಮನೆ, ಹೀಗೆ. ಆ ದಿನದ ಕಾಳು, ನೀರು, ಕಸ, ಬಾಗಿಲು ಅವರದು. ಆ ದಿನದ ತತ್ತಿಯೂ ಅವರದೇ, 8 ಬರಲಿ 20 ಬರಲಿ. ಪಾಳಿ ಬದಲಾಗುವುದು ಮಾತ್ರ ಸಂಜೆ ದೀಪ ಹಚ್ಚುವ ಹೊತ್ತಿಗೆ. ಬೆಳಿಗ್ಗೆ ಬದಲಾಯಿಸಿದರೆ ನಿನ್ನೆ ಮಧ್ಯಾಹ್ನದ ತತ್ತಿ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ, ಜಗಳ ಅಲ್ಲಿಂದ ಹುಟ್ಟುತ್ತದೆ. ಸಂಜೆ ಕೋಳಿಗಳು ಗಳದ (ಕೂರುವ ಅಡ್ಡಕೋಲಿನ) ಮೇಲೆ ಏರಿದ ಮೇಲೆ ಬಿಡುವವರು, ಹಿಡಿಯುವವರು ಇಬ್ಬರೂ ನಿಂತು ಎಣಿಸಬೇಕು. ಒಂದು ಕಡಿಮೆ ಬಿದ್ದರೆ ಬಿಡುವವರೇ ಹುಡುಕಬೇಕು. ಎಣಿಕೆ ಸರಿಯಾದ ಮೇಲೆ ಹಿಡಿಯುವವರು ಕೀಲಿ ಹಾಕಬೇಕು. ಪಾಳಿ ತಪ್ಪಿಸಿದವರಿಗೆ ದಂಡ ಇಲ್ಲ. ಆ ದಿನ ಯಾರು ಬಾಗಿಲು ತೆರೆದರೋ ತತ್ತಿ ಅವರಿಗೆ. ಈ ಒಂದು ಸಾಲು ಬರೆದಿಟ್ಟ ಮೇಲೆ ಪಾಳಿ ತಪ್ಪುವುದು ಬಹುತೇಕ ನಿಂತಿತು. 7 ಮನೆಗಳಲ್ಲಿ ಒಂದು ಮನೆಯವರು ತತ್ತಿ ತಿನ್ನುವುದಿಲ್ಲ. ಅವರ ದಿನದ ತತ್ತಿ ಮಾರಿದ ದುಡ್ಡು ಔಷಧದ ಡಬ್ಬಿಗೆ ಹೋಗುತ್ತದೆ, ಬದಲಿಗೆ ಗೊಬ್ಬರದಲ್ಲಿ ಅವರಿಗೆ ಎರಡು ಪಾಲು. ತಿಂಗಳ ಖರ್ಚಿನ ದುಡ್ಡು ಭಿಶಿಯ (ಚೀಟಿಯ) ಹಾಗೆ ತಿಂಗಳ ಮೊದಲ ವಾರದಲ್ಲೇ ಸೇರಬೇಕು, ಕಾಳು ಮುಗಿದ ಮೇಲೆ ಕೇಳಿದರೆ ಬರುವುದಿಲ್ಲ.

ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಗೂಡು ಕಟ್ಟುವವರು ಇದನ್ನು ನಿಧಾನವಾಗಿ ಓದಿರಿ, ಹೆಚ್ಚಿನ ದುಡ್ಡು ಹಾಳಾಗುವುದು ಇಲ್ಲೇ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಒಂದೂವರೆ ಅಡಿ ತಗ್ಗಿನಲ್ಲಿ ನಿಲ್ಲಿಸಿದ ಕಂಬ ಎರಡನೇ ವರ್ಷಕ್ಕೆ ವಾಲುತ್ತದೆ, ಬಾಗಿಲು ಹಿಡಿದುಕೊಳ್ಳುತ್ತದೆ. ಕಂಬಕ್ಕೆ 3 ಅಡಿ ತಗ್ಗು ಬೇಕು, ಸುತ್ತ ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ತುಂಬಿ ಗಜದಿಂದ ಬಡಿಯಬೇಕು, ತೆಗೆದ ಎರೆಯನ್ನು ಮರಳಿ ತುಂಬಬಾರದು. ಗೂಡಿನ ನೆಲವೂ ಅಷ್ಟೆ: ಸುತ್ತಲ ಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರ, ತಳಕ್ಕೆ ಖಡಿ (ಜಲ್ಲಿಕಲ್ಲು), ಮೇಲೆ ಗರಸು. ಇಲ್ಲವಾದರೆ ಜುಲೈ ತಿಂಗಳಲ್ಲಿ ನೆಲಕ್ಕೆ ಹಾಸಿದ ಹೊಟ್ಟು ತಳದಿಂದ ನೀರು ಕುಡಿಯುತ್ತದೆ, ಮೇಲೆ ನೋಡಲು ಒಣಗಿದಂತೆಯೇ ಇರುತ್ತದೆ, ಅಷ್ಟರಲ್ಲಿ ಕೋಳಿಗಳ ಹಿಕ್ಕೆಯಲ್ಲಿ ರಕ್ತ ಕಾಣಿಸುತ್ತದೆ. ಅದು ಕಾಕ್ಸಿಡಿಯಾ, ಕರುಳಿಗೆ ಹತ್ತುವ ಪರೋಪಜೀವಿ. ಆಂಪ್ರೋಲಿಯಂ ಎಂಬ ಔಷಧ ಕೊಟ್ಟರೆ ನಿಲ್ಲುತ್ತದೆ. ನೆಲ ಹಸಿಯಾಗಿಯೇ ಇದ್ದರೆ ಮತ್ತೆ ಬರುತ್ತದೆ.

ನಮ್ಮ ಗೂಡು 8 ಅಡಿಗೆ 10 ಅಡಿ. ಧಾರವಾಡದ ಮುಂಗಾರಿನ ಮಳೆ ಪಡುವಣ ಗಾಳಿಯ ಜೊತೆ ಅಡ್ಡ ಬೀಳುತ್ತದೆ, ಹಾಗಾಗಿ ಆ ಕಡೆ ಪೂರ್ತಿ ಮುಚ್ಚಿದ ಗೋಡೆ, ಮೇಲೆ 3 ಅಡಿ ಹೊರಚಾಚಿದ ಪತ್ರಾಸ (ತಗಡು). ಉಳಿದ ಮೂರು ಕಡೆ ಅರ್ಧ ಇಂಚಿನ ವೆಲ್ಡ್ ಮೆಶ್. ಅಗ್ಗದ ಆರುಮೂಲೆ ಕಣ್ಣಿನ ಜಾಳಿಗೆ ತರಬೇಡಿ, ನಾಯಿ ಹಲ್ಲು ಹಚ್ಚಿದರೆ ಬಿಚ್ಚಿಕೊಳ್ಳುತ್ತದೆ. ಮುಂಗುಸಿಗಾಗಿ ಮೆಶ್ಶನ್ನು ನೆಟ್ಟಗೆ ಹೂಳುವುದು ಎರೆಯಲ್ಲಿ ದಂಡ, ಏಪ್ರಿಲ್‌ನಲ್ಲಿ ಬಿರುಕು ಬಿಟ್ಟಾಗ ಅದರ ಪಕ್ಕದಲ್ಲೇ ದಾರಿ ತಾನಾಗಿ ತೆರೆಯುತ್ತದೆ. ಗೋಡೆಯ ಬುಡದಿಂದ ಹೊರಗೆ ಒಂದೂವರೆ ಅಡಿ ಅಗಲ ಮೆಶ್ಶನ್ನು ನೆಲದ ಮೇಲೆ ಹಾಸಿ, ಮೇಲೆ 4 ಇಂಚು ಗರಸು ಹೊದಿಸಬೇಕು. ಮುಂಗುಸಿ ಗೋಡೆಯ ಬುಡದಲ್ಲೇ ಕೆದರುತ್ತದೆ, ಹಿಂದೆ ಸರಿದು ಕೆದರುವುದಿಲ್ಲ. ಆ ಗರಸಿನಲ್ಲಿ ನಾವು ಇನ್ನೊಂದು ವಸ್ತು ಬೆರೆಸುತ್ತೇವೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗೂಡು ನೋಡಲು ಬಂದವರಿಗೆ ತೋರಿಸುತ್ತೇವೆ.

ಗಳ ಎರಡು, ತಲಾ 10 ಅಡಿ, ಎರಡೂ ಒಂದೇ ಎತ್ತರದಲ್ಲಿ. ಮೆಟ್ಟಿಲಿನಂತೆ ಕಟ್ಟಿದರೆ ಮೇಲಿನ ಗಳಕ್ಕಾಗಿ ದಿನಾ ಸಂಜೆ ಕುಕ್ಕಾಟ. ಹೊಟ್ಟು ಶೇಂಗಾದ್ದು, 5 ಇಂಚು ದಪ್ಪ. ವಾರಕ್ಕೊಮ್ಮೆ ತಿರುವಬೇಕು, ಮಳೆಗಾಲದಲ್ಲಿ ಸುಣ್ಣ ಉದುರಿಸಬೇಕು. ಹಳೆ ಪತ್ರಾಸ ಗುಜರಿಯಲ್ಲಿ ಸಿಕ್ಕಿದ್ದರಿಂದ ಗೂಡಿಗೆ ಒಟ್ಟು 21-22 ಸಾವಿರದಲ್ಲಿ ಮುಗಿಯಿತು, ಮನೆಗೆ 3 ಸಾವಿರ.

ಪಾಳಿಯ ಮೇಲೆ ನಡೆಯುವ ಗೂಡಿಗೆ ಒಂದು ದಿನದ ಮರಿ ತರಲೇಬಾರದು. ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸಬೇಕು. 7 ಮನೆಯ 7 ಕೈ ಬಲ್ಬನ್ನು ಏರಿಸಿ ಇಳಿಸಿದರೆ, ನಡುವೆ ಕರೆಂಟು ಹೋದರೆ, ಮರಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ. 8 ವಾರದ, ಲಸಿಕೆ ಮುಗಿದ ಹ್ಯಾಟೆಯನ್ನೇ ತನ್ನಿ, 200 ರೂಪಾಯಿ ಆದರೂ ಸರಿ. ನಮ್ಮಲ್ಲಿರುವುದು ಸ್ವರ್ಣಧಾರಾ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿ 2005ರಲ್ಲಿ ಬಿಡುಗಡೆಯಾದ ತಳಿ. ಗಿರಿರಾಜ ಮಾಂಸಕ್ಕೆ ಚೆನ್ನ, ಆದರೆ ತೂಕದ ಕೋಳಿ, ತಿನ್ನುವುದೂ ಹೆಚ್ಚು. ಹುಂಜ ಇಟ್ಟಿಲ್ಲ. ನಸುಕಿನ ಕೂಗಿಗೆ ನೆರೆಯವರ ತಕರಾರು ಒಂದು ಕಾರಣ. ದೊಡ್ಡ ಕಾರಣ ಬೇಸಿಗೆ: ಹುಂಜ ಕೂಡಿದ ತತ್ತಿಯೊಳಗೆ ಮೇ ತಿಂಗಳ ಸೆಕೆಗೆ ಮರಿ ಕಟ್ಟತೊಡಗುತ್ತದೆ, ಬೇಗ ಕೆಡುತ್ತದೆ. ಹುಂಜವಿಲ್ಲದ ತತ್ತಿ ಅದೇ ಸೆಕೆಯಲ್ಲಿ ಎಷ್ಟೋ ದಿನ ಹೆಚ್ಚು ತಡೆಯುತ್ತದೆ.

ಸಂತೆಯಿಂದ ಒಂದೇ ಒಂದು ಜವಾರಿ ಕೋಳಿ ತಂದು ಗುಂಪಿಗೆ ಬಿಟ್ಟರೂ ರಾಣಿಖೇತ ರೋಗ ಬಾಗಿಲಲ್ಲೇ ನಿಂತಿರುತ್ತದೆ. ಹಸಿರು ಹಿಕ್ಕೆ, ತಿರುಚಿದ ಕುತ್ತಿಗೆ. ಅಷ್ಟಾದ ಮೇಲೆ ಔಷಧವಿಲ್ಲ. ಹೊಸ ಕೋಳಿ ಯಾವುದೇ ಇರಲಿ, ಬೇರೆ ಕಡೆ 3 ವಾರ. ಆಮೇಲೆ ಗೂಡಿನೊಳಗೆ ಜಾಳಿಗೆಯ ಆಚೆ 10-12 ದಿನ, ಕೊನೆಗೆ ರಾತ್ರಿ ಕತ್ತಲಲ್ಲಿ ಗಳದ ಮೇಲೆ ಏರಿಸುವುದು. ತತ್ತಿ ಇಡುತ್ತಿರುವ ಕೋಳಿಗೆ ರಾಣಿಖೇತದ ಆರ್‌2ಬಿ ಲಸಿಕೆಯ ಸೂಜಿ ಹಾಕಿದರೆ ತತ್ತಿ ಇಳಿದುಹೋಗುತ್ತದೆ; ಎರಡು ಮೂರು ತಿಂಗಳಿಗೊಮ್ಮೆ ಅದೇ ರೋಗದ ಲಸೋಟಾ ಲಸಿಕೆಯನ್ನು ನೀರಿನಲ್ಲಿ ಕೊಡುತ್ತೇವೆ. ನಳದ ನೀರಿನ ಕ್ಲೋರಿನ್ ಆ ಲಸಿಕೆಯನ್ನು ಕೊಲ್ಲುತ್ತದೆ. ಬಾವಿ ನೀರು ತನ್ನಿ, ಇಲ್ಲವೇ ನಳದ ನೀರಿಗೆ ಲೀಟರಿಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕದಡಿ. ಬೆಳಿಗ್ಗೆ ಎರಡು ತಾಸು ಬಾಯಾರಿಸಿ, ಲಸಿಕೆ ಕಲಸಿದ ನೀರು ಎರಡು ತಾಸಿನೊಳಗೆ ಮುಗಿಯುವ ಹಾಗೆ ಇಡಿ. ಸೀಸೆ 100 ಡೋಸಿನದು ಬರುತ್ತದೆ, ಒಡೆದ ಮೇಲೆ ಉಳಿಯುವುದಿಲ್ಲ. ಹಾಗಾಗಿ ಅದೇ ದಿನ ಸುತ್ತಲಿನ ಮನೆಗಳ ಕೋಳಿಗೂ ಹಾಕಿಸುತ್ತೇವೆ. ರೋಗ ನಮ್ಮ ಬೇಲಿಗೆ ಬರುವ ಮೊದಲೇ ತಡೆಯುತ್ತದೆ.

ಜಂತಿನ ಔಷಧಕ್ಕೆ ನಮ್ಮ ತಿಂಗಳು ಶ್ರಾವಣ. ಮಳೆಯಲ್ಲಿ ಜಂತು ಹೆಚ್ಚುವ ಹೊತ್ತೂ ಅದೇ, ಔಷಧ ಕೊಟ್ಟ ಮೇಲೆ ತತ್ತಿ ತಿನ್ನದೆ ಬಿಡಬೇಕಾದ ದಿನಗಳು ಭಾರವೆನಿಸದ ಹೊತ್ತೂ ಅದೇ. ಶ್ರಾವಣದಲ್ಲಿ ಅರ್ಧ ಮನೆಗಳಲ್ಲಿ ಹೇಗೂ ತತ್ತಿ ಇಲ್ಲ. ಆ ತತ್ತಿಗಳು ಗೊಬ್ಬರದ ಗುಂಡಿಗೆ.

ಕಾಳು ನಾವೇ ಕೂಡಿಸುತ್ತೇವೆ. ನೂರು ಕಿಲೋಗೆ ಸುಮಾರಾಗಿ ಗೋವಿನಜೋಳದ ನುಚ್ಚು 52, ಸೋಯಾ ಹಿಂಡಿ 18, ಶೇಂಗಾ ಹಿಂಡಿ 6, ತೌಡು 14, ಕಪ್ಪೆಚಿಪ್ಪಿನ ನುಚ್ಚು 8, ಖನಿಜ ಮಿಶ್ರಣ 2, ಮೇಲೆ ಒಂದು ಮುಷ್ಟಿ ಉಪ್ಪು. ಬೀಸಿಸಿದ ಕೂಲಿ ಸೇರಿ ಕಿಲೋಗೆ 30ರ ಹತ್ತಿರ ಬೀಳುತ್ತದೆ. ಕೋಳಿಗೆ 110 ಗ್ರಾಂ ಲೆಕ್ಕ, ಹೊರಗೆ ಮೇಯುವುದರಿಂದ ದಿನಕ್ಕೆ ಎರಡೂಕಾಲು ಕಿಲೋದಲ್ಲಿ ಸಾಗುತ್ತದೆ. ಹಾವೇರಿ ಕಡೆಯ ಗೋವಿನಜೋಳ ಸುಗ್ಗಿಯಲ್ಲಿ ಅಗ್ಗ ಎಂದು ಹಸಿಯದನ್ನು ಕಟ್ಟಿಡಬೇಡಿ. ಹಲ್ಲಿಗೆ ಕಚ್ಚಿದರೆ ಟಕ್ಕನೆ ಒಡೆಯಬೇಕು. ಮೆತ್ತಗಾದರೆ ಚೀಲದೊಳಗೆ ಬೂಸು ಹಿಡಿಯುತ್ತದೆ, ಅದರ ವಿಷಕ್ಕೆ ಮೊದಲು ತತ್ತಿ ನಿಲ್ಲುತ್ತದೆ, ಆಮೇಲೆ ಕೋಳಿ. ಶೇಂಗಾ ಹಿಂಡಿಗೂ ಅದೇ ಎಚ್ಚರ, ಅದಕ್ಕೇ 6 ಕಿಲೋ ದಾಟಿಸುವುದಿಲ್ಲ.

ಸಾಮಾಯಿಕ ಗೂಡಿಗೆ ಮಾತ್ರ ಬರುವ ರೋಗ ಒಂದಿದೆ: 7 ಮನೆಯ ಉಳಿದ ಅನ್ನ, ರೊಟ್ಟಿ. ಪ್ರತಿಯೊಬ್ಬರೂ ಪ್ರೀತಿಯಿಂದ ತಂದು ಸುರಿಯುತ್ತಾರೆ. ಕೋಳಿ ಕೊಬ್ಬುತ್ತದೆ, ತತ್ತಿಯ ಸಿಪ್ಪೆ ತೆಳುವಾಗುತ್ತದೆ, ಒಡೆದ ತತ್ತಿಯ ರುಚಿ ಹತ್ತಿ ಕೋಳಿಯೇ ತತ್ತಿ ತಿನ್ನತೊಡಗುತ್ತದೆ. ಗೂಡಿನಲ್ಲಿ ಒಂದು ಸ್ಟೀಲಿನ ಡಬರಿ ಇದೆ. ದಿನಕ್ಕೆ ಅದೊಂದು ಡಬರಿ, ಅದೂ 4 ಗಂಟೆಯ ಮೇಲೆ, ಪಾಳಿಯ ಮನೆಯಿಂದ ಮಾತ್ರ.

ಬ್ಯಾಡಗಿ ಮೆಣಸಿನಕಾಯಿಯ ಪ್ರಯೋಗ ಹೇಳದೆ ಇರಲಾಗದು. ಹಕ್ಕಿಗೆ ಖಾರ ತಾಗುವುದಿಲ್ಲ. ಬ್ಯಾಡಗಿಯಲ್ಲಿ ಖಾರಕ್ಕಿಂತ ಬಣ್ಣ ಹೆಚ್ಚು. ಕಾಳಿನಲ್ಲಿ ಕಿಲೋಗೆ 5 ಗ್ರಾಂ ಒಣಪುಡಿ ಬೆರೆಸಿದರೆ 8-10 ದಿನಕ್ಕೆ ತತ್ತಿಯ ಭಂಡಾರ (ಹಳದಿ ಭಾಗ) ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಫಾರ್ಮಿನ ತತ್ತಿ ಪಕ್ಕಕ್ಕಿಟ್ಟರೆ ಯಾರಿಗಾದರೂ ಗೊತ್ತಾಗಬೇಕು. 10 ಗ್ರಾಂ ದಾಟಿಸಿದಾಗ ಇಟ್ಟಂಗಿ ಬಣ್ಣ ಬಂತು, ಯಾರೂ ಮೆಚ್ಚಲಿಲ್ಲ. ತೊಟ್ಟು, ಬೀಜ, ಮುರುಕು ಸಾಕು. ಕಪ್ಪು ಬೂಸಿನ ಕಾಯಿ ಬೇಡವೇ ಬೇಡ. ದೀಪಾವಳಿ ಮುಗಿದ ಮೇಲೆ ಚೆಂಡುಹೂವಿನ ಎಸಳು ಒಣಗಿಸಿ ಹಾಕಿದರೆ ಹಳದಿ ಏರುತ್ತದೆ. ನೀರಿನ ಮೇಲೆ ಬೆಳೆಯುವ ಮೇವು ಅಜೋಲಾ ಮಳೆಗಾಲದಲ್ಲಿ ಮಾತ್ರ ನಮಗೆ ಒಗ್ಗಿತು, ಬೇಸಿಗೆಯಲ್ಲಿ ಕೈ ಕೊಟ್ಟಿತು. ಅದಕ್ಕಿಂತ ಬೇಲಿಯ ನುಗ್ಗೆಸೊಪ್ಪು ಮೇಲು.

ಬೇಸಿಗೆಯಲ್ಲಿ ಪತ್ರಾಸಿಗೆ ಸುಣ್ಣ ಬಳಿದು ಹಸಿ ತಟ್ಟು (ಗೋಣಿ) ಹೊದಿಸುತ್ತೇವೆ. ಕಾಳು ಬೆಳಿಗ್ಗೆ 6ಕ್ಕೆ, ಮತ್ತೆ 5ರ ಮೇಲೆ. ನಡುಹಗಲು ತಿಂದ ಕಾಳು ಮೈ ಕಾಯಿಸುತ್ತದೆ. ನೀರು ಮಣ್ಣಿನ ಪಾತ್ರೆಯಲ್ಲಿ, ಬೆಲ್ಲ ಮತ್ತು ಲಿಂಬೆರಸ ಹಾಕಿ. ಅದಕ್ಕೆ ಮೂರನೆಯದೊಂದು ಬೇರೂ ಬೀಳುತ್ತದೆ, ಅದು ನಮ್ಮ ಏಳು ಮನೆಗಳ ಗುಟ್ಟು. ಡಿಸೆಂಬರಿನಲ್ಲಿ ಹಗಲು 11 ತಾಸಿಗೆ ಇಳಿದಾಗ ತತ್ತಿ ಕಡಿಮೆಯಾಗುತ್ತದೆ. 9 ವ್ಯಾಟಿನ ಒಂದು ಎಲ್‌ಇಡಿ ನಸುಕಿನ 4ಕ್ಕೆ ಹತ್ತುವ ಹಾಗೆ ಟೈಮರ್ ಇಡಿ. ಸಂಜೆ ಹಚ್ಚಿ ಒಮ್ಮೆಲೇ ಆರಿಸಿದರೆ ಗಳ ಏರದ ಕೋಳಿ ನೆಲದಲ್ಲೇ ಉಳಿಯುತ್ತವೆ.

ಗೊಬ್ಬರ ವರ್ಷಕ್ಕೆ 15 ಚೀಲಕ್ಕೆ ಮೇಲೆ. ಹಸಿಯದು ಗಿಡ ಸುಡುತ್ತದೆ, ಮೂರು ತಿಂಗಳು ಕಳಿತ ಮೇಲೆಯೇ ಮುಳಗಾಯಿ (ಬದನೆ), ಮೆಂತ್ಯೆಯ ಮಡಿಗೆ.

ಮುದಿ ಕೋಳಿಯ ಮಾತನ್ನು ಮಾತ್ರ ಹ್ಯಾಟೆ ತರುವ ಮೊದಲೇ ಬರೆದು ಎಲ್ಲರ ಸಹಿ ಹಾಕಿಸಿ. ಮಕ್ಕಳು ಹೆಸರಿಟ್ಟ ಮೇಲೆ ಯಾವ ಮನೆಯೂ ಮಾರಲು ಒಪ್ಪುವುದಿಲ್ಲ, ತತ್ತಿ ಇಡದ ಕೋಳಿಗೆ ಎಲ್ಲರೂ ಕಾಳು ಕೊಡುತ್ತಾ ಹೋಗಬೇಕಾಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಅರ್ಧ, ಅಂದರೆ 14 ಹಳೆಯವು ಹೊರಗೆ, 14 ಹೊಸವು ಒಳಗೆ, ಹೊಸವು ಬರುವುದು ಆಗಸ್ಟಿನಲ್ಲಿ. ಆಗ ತಂದ 8 ವಾರದ ಹ್ಯಾಟೆ ಡಿಸೆಂಬರಿನ ಹೊತ್ತಿಗೆ ತತ್ತಿಗೆ ಬರುತ್ತವೆ. ಶ್ರಾವಣ ಮುಗಿಯುವ ತನಕ ಹಳೆಯವನ್ನು ಹಿಡಿದಿಡಿ, ಅಲ್ಲಿಯವರೆಗೆ ಕೊಳ್ಳುವವರು ಅರ್ಧ ರೇಟು ಕೇಳುತ್ತಾರೆ.