ಕುತ್ತಿಗೆಗೆ ಬರುವ ಮುಂಚೆ ಹೆಡ್‌ರೆಸ್ಟ್ ಮೇಲೆತ್ತಿ

ಮದುವೆಗೆಂದು ಮೈಸೂರಿನಿಂದ ಮಂಡ್ಯಕ್ಕೆ ಹೊರಟಿದ್ದೆವು. ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದಿದ್ದೆವು. ಒಂದು ಹಂಪ್ ಹತ್ತಿರ ಕಾರು ನಿಧಾನ ಮಾಡಿದೆ. ಹಿಂದೆ ಬರುತ್ತಿದ್ದ ಕಾರಿನವರು ನಿಧಾನ ಮಾಡಲಿಲ್ಲ. ಜೋರೇನಲ್ಲ, ಒಂದು ‘ಧಬ್’. ಇಳಿದು ನೋಡಿದರೆ ಬಂಪರ್ ಒಂದಿಷ್ಟು ಒಳಗೆ ಹೋಗಿತ್ತು, ಅಷ್ಟೇ. ಹಿಂದಿನ ಸೀಟಿನಲ್ಲಿದ್ದ ದೊಡ್ಡಮ್ಮ ‘ಏನೂ ಆಗಿಲ್ಲ, ನಡಿಯೋ, ಮುಹೂರ್ತ ಮೀರುತ್ತೆ’ ಎಂದರು. ಮದುವೆ ಊಟವನ್ನೂ ಗಡದ್ದಾಗಿಯೇ ಮಾಡಿದರು. ಮಾರನೇ ದಿನ ಬೆಳಿಗ್ಗೆ ಕುತ್ತಿಗೆ ತಿರುಗಿಸಲು ಆಗಲಿಲ್ಲ. ಆ ನೋವು ಪೂರ್ತಿ ಹೋಗಲು ಎರಡು ತಿಂಗಳು ಹಿಡಿಯಿತು.

ಆ ಕಾರಿನ ಹಿಂದಿನ ಸೀಟಿನ ಹೆಡ್‌ರೆಸ್ಟ್‌ಗಳು ಎಲ್ಲಿದ್ದವು ಗೊತ್ತಾ? ಕುವೆಂಪುನಗರದ ನಮ್ಮ ಮನೆಯ ಅಟ್ಟದ ಮೇಲೆ. ಷೋರೂಮಿನ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಕನ್ನಡಿಯಲ್ಲಿ ಹಿಂದಿನ ರಸ್ತೆ ಸರಿಯಾಗಿ ಕಾಣುವುದಿಲ್ಲ ಎಂದು ನಾನೇ ಕಿತ್ತಿಟ್ಟಿದ್ದೆ.

ಅರ್ಧ ತಪ್ಪು ನನ್ನದು, ಇನ್ನರ್ಧ ಆ ಹೆಸರಿನದು. ‘ರೆಸ್ಟ್’ ಎಂದ ಕೂಡಲೇ ನಮಗೆ ದಿಂಬು ನೆನಪಾಗುತ್ತದೆ. ನಿದ್ದೆ ಬಂದರೆ ತಲೆ ಇಡುವುದಕ್ಕೆ, ಇಲ್ಲದಿದ್ದರೆ ಬೇಡ ಎಂದುಕೊಳ್ಳುತ್ತೇವೆ. ಕಾರು ಮಾಡುವ ಎಂಜಿನಿಯರ್‌ಗಳು ಅದನ್ನು ಕರೆಯುವುದೇ ಬೇರೆ. ಅವರಿಗೆ ಅದು ‘ಹೆಡ್ ರಿಸ್ಟ್ರೇಂಟ್’. ಅಂದರೆ ತಲೆಯನ್ನು ತಡೆದು ನಿಲ್ಲಿಸುವ ವಸ್ತು. ಸೀಟ್ ಬೆಲ್ಟಿನ ಸಾಲಿಗೆ ಸೇರಬೇಕಾದದ್ದು, ದಿಂಬಿನ ಸಾಲಿಗಲ್ಲ.

ಹಿಂದಿನಿಂದ ಗುದ್ದಿದಾಗ ಏನಾಗುತ್ತದೆ?

ಒಂದು ಕಬ್ಬಿನ ಜಲ್ಲೆಯ ತುದಿಗೆ ಐದು ಕಿಲೋ ಸಕ್ಕರೆ ಗಂಟು ಕಟ್ಟಿದ್ದೀರಿ ಎಂದುಕೊಳ್ಳಿ. ಜಲ್ಲೆಯ ಬುಡ ಹಿಡಿದು ಥಟ್ಟನೆ ಮುಂದಕ್ಕೆ ನೂಕಿ. ಬುಡ ಮುಂದೆ ಹೋಗುತ್ತದೆ, ಗಂಟು ಇದ್ದಲ್ಲೇ ಉಳಿಯಲು ನೋಡುತ್ತದೆ, ನಡುವೆ ಜಲ್ಲೆ ಬಾಗುತ್ತದೆ. ನಮ್ಮ ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. ಕೆಳಗಿರುವ ಜಲ್ಲೆ ಎಂದರೆ ಕುತ್ತಿಗೆಯ 7 ಮೂಳೆಗಳು, ಅವನ್ನು ಹಿಡಿದಿಟ್ಟಿರುವ ಸ್ನಾಯು ಮತ್ತು ನಾರುಗಳು.

ಹಿಂದಿನ ಗಾಡಿ ಗುದ್ದಿದಾಗ ಸೀಟು ನಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ. ತಲೆಯನ್ನು ತಳ್ಳುವವರು ಯಾರೂ ಇಲ್ಲ, ಅದು ಹಿಂದೆಯೇ ಉಳಿಯುತ್ತದೆ. ಸಿಟಿ ಬಸ್ಸು ಜರ್ಕ್ ಹೊಡೆದು ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಅದೇ ಲೆಕ್ಕ. ಮೊದಲು ಕುತ್ತಿಗೆ ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಸೊಟ್ಟಗಾಗುತ್ತದೆ. ಆಮೇಲೆ ತಲೆ ಹಿಂದಕ್ಕೆ ಬೀಳುತ್ತದೆ, ಮತ್ತೆ ಮುಂದಕ್ಕೆ ಚಿಮ್ಮುತ್ತದೆ. ಚಾಟಿ ಬೀಸಿದ ಹಾಗೆ. ಅದಕ್ಕೇ ಈ ಪೆಟ್ಟಿಗೆ ಡಾಕ್ಟರುಗಳ ಬಾಯಲ್ಲಿ ‘ವಿಪ್‌ಲ್ಯಾಶ್’, ಅಂದರೆ ಚಾಟಿಯ ಹೊಡೆತ ಎಂಬ ಹೆಸರು. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುತ್ತದೆ. ಕುತ್ತಿಗೆ ಬಿಗಿಹಿಡಿಯಲು ನಮಗೆ ಪುರುಸೊತ್ತೇ ಇರುವುದಿಲ್ಲ.

ಇದಕ್ಕೆ ನೂರರ ಸ್ಪೀಡ್ ಬೇಕಿಲ್ಲ. ಸಿಗ್ನಲ್ಲಿನಲ್ಲಿ ನಿಂತ ಕಾರಿಗೆ ಹಿಂದಿನವರು ಬ್ರೇಕ್ ತಡವಾಗಿ ಒತ್ತಿದರೂ ಸಾಕು. ದಸರಾ ರಜೆಯಲ್ಲಿ ಮೈಸೂರಿನ ರಸ್ತೆಗಳಲ್ಲಿ ಕಾರುಗಳು ಒಂದರ ಬಾಲ ಇನ್ನೊಂದು ಹಿಡಿದು ನಿಂತಿರುತ್ತವೆ. ಟೋಲ್ ಸಾಲಿನಲ್ಲೂ ಅಷ್ಟೇ. ಕಬ್ಬಿನ ಗಾಡಿ ಕಂಡು ನೀವು ಬ್ರೇಕ್ ಹಾಕುತ್ತೀರಿ, ಹಿಂದಿನವರು ಫೋನ್ ನೋಡುತ್ತಿರುತ್ತಾರೆ. ಕಾರಿನ ಡಿಕ್ಕಿಗೇ ಡಿಕ್ಕಿ!

ಹೆಡ್‌ರೆಸ್ಟ್ ಮಾಡುವುದು ಒಂದೇ ಕೆಲಸ. ಬೆನ್ನಿನ ಜೊತೆಗೇ ತಲೆಯನ್ನೂ ಮುಂದಕ್ಕೆ ಒಯ್ಯುತ್ತದೆ. ಎರಡೂ ಒಟ್ಟಿಗೆ ಚಲಿಸಿದರೆ ನಡುವಿನ ಕುತ್ತಿಗೆ ಬಾಗುವುದಿಲ್ಲ. ಆದರೆ ಅದು ತಲೆಯ ಹಿಂದೆ ಇರಬೇಕು. ಕುತ್ತಿಗೆಯ ಹಿಂದೆ ಅಲ್ಲ.

ಮೊದಲು ಎಣಿಸಿ

ನಾಳೆ ಬೆಳಿಗ್ಗೆ ಕಾರಿನ ಹತ್ತಿರ ಹೋಗಿ ಎಷ್ಟು ಹೆಡ್‌ರೆಸ್ಟ್ ಇವೆ ಎಂದು ಎಣಿಸಿ. ಅಟ್ಟ, ಗ್ಯಾರೇಜು, ಡಿಕ್ಕಿ ಎಲ್ಲಾ ಹುಡುಕಿ. ಸಿಕ್ಕಿದ್ದನ್ನು ತಂದು ಸಿಕ್ಕಿಸಿ. ಪ್ಲಾಸ್ಟಿಕ್ ಕವರ್ ದಯವಿಟ್ಟು ತೆಗೆಯಿರಿ, ಅದರ ಮೇಲೆ ತಲೆ ಜಾರುತ್ತದೆ. ಕಾರು ಹೊಸದು ಎಂದು ಎಷ್ಟು ವರ್ಷ ತೋರಿಸಿಕೊಳ್ಳುತ್ತೀರಿ!

ಸಿಕ್ಕಿಸುವಾಗ ಕೆಳಗಿನ ಎರಡು ಕಂಬಿಗಳನ್ನು ನೋಡಿ. ಕಚ್ಚುಗಳಿರುವ ಕಂಬಿ, ಸೀಟಿನ ಮೇಲೆ ಬಟನ್ ಇರುವ ತೂತಿನ ಕಡೆಗೇ ಬರಬೇಕು. ಹಿಂದುಮುಂದಾದರೆ ಅದು ಕಚ್ಚಿಕೊಳ್ಳುವುದಿಲ್ಲ, ಸುಮ್ನೆ ಅಲ್ಲಾಡುತ್ತಾ ಕೂತಿರುತ್ತದೆ. ಸೀಟ್ ಕವರ್ ಹಾಕಿಸುವಾಗ ಹೀಗೆ ಉಲ್ಟಾ ಆಗುವುದು ಸಾಮಾನ್ಯ. ಕವರ್ ಹಾಕಿಸಿಕೊಂಡು ಬಂದ ದಿನವೇ ಒಮ್ಮೆ ನೋಡಿಬಿಡಿ.

ಕೂರುವುದು ಸರಿಯಾಗಲಿ

ಹೆಡ್‌ರೆಸ್ಟ್ ಮುಟ್ಟುವ ಮೊದಲು ಸೀಟು. ಸೊಂಟ ಪೂರ್ತಿ ಹಿಂದಕ್ಕೆ ಹೋಗಲಿ, ಬೆನ್ನು ಸೀಟಿಗೆ ಒರಗಲಿ. ಮುಂದಿನ ಸೀಟಿನವರು ಆರಾಮ ಕುರ್ಚಿಯ ಹಾಗೆ ಸೀಟನ್ನು ಮಲಗಿಸಿಕೊಂಡಿರುತ್ತಾರೆ. ಆಗ ರಸ್ತೆ ನೋಡಲು ತಲೆ ಮುಂದಕ್ಕೆ ತರಲೇಬೇಕು. ತಲೆಗೂ ಹೆಡ್‌ರೆಸ್ಟಿಗೂ ನಡುವೆ ಗೇಣುದ್ದ ಜಾಗ ಬಿಡುತ್ತದೆ. ಆ ಜಾಗವೇ ಅಪಾಯ. ಗುದ್ದಿದಾಗ ತಲೆ ಅಷ್ಟು ದೂರ ಹಿಂದಕ್ಕೆ ಓಡಿ ಆಮೇಲೆ ಅಪ್ಪಳಿಸುತ್ತದೆ. ಲಿವರ್ ಎಳೆದು ಸೀಟನ್ನು ನೆಟ್ಟಗೆ ಮಾಡಿ.

ಎತ್ತರ: ನೆತ್ತಿಯೇ ಅಳತೆ

ಇದು ಮುಖ್ಯ. ಹೆಡ್‌ರೆಸ್ಟಿನ ಮೇಲಂಚು ನಿಮ್ಮ ನೆತ್ತಿಯ ಮಟ್ಟಕ್ಕೆ ಬರಬೇಕು. ಎತ್ತರದವರಿಗೆ ಅಷ್ಟು ಸಿಗದಿರಬಹುದು. ಆಗಲೂ ನೆತ್ತಿಯಿಂದ 9 ಸೆಂಟಿಮೀಟರ್‌ಗಿಂತ ಕೆಳಗೆ ಇಳಿಯಬಾರದು. ಟೇಪು ಬೇಕಾಗಿಲ್ಲ. ಅಂಗೈಯನ್ನು ನೆತ್ತಿಯ ಮೇಲೆ ಚಪ್ಪಟೆಯಾಗಿ ಇಟ್ಟು ಹಾಗೇ ಹಿಂದಕ್ಕೆ ಸರಿಸಿ. ಕೈ ಹೆಡ್‌ರೆಸ್ಟಿನ ಮೇಲಂಚಿಗೆ ತಾಗಿದರೆ ಸರಿ. ಗಾಳಿಯಲ್ಲಿ ಹೋದರೆ ಇನ್ನೂ ಮೇಲೆತ್ತಿ. ಪಕ್ಕದಿಂದ ಇನ್ನೊಬ್ಬರು ನೋಡಿ ಹೇಳಿದರೆ ಇನ್ನೂ ಒಳ್ಳೆಯದು.

ಇಳಿಸಿಟ್ಟ ಹೆಡ್‌ರೆಸ್ಟ್ ಇದ್ದೂ ಇಲ್ಲದ ಹಾಗೆ. ಅದು ಕುತ್ತಿಗೆಯ ಬುಡಕ್ಕೆ ತಾಗಿ ನಿಲ್ಲುತ್ತದೆ, ತಲೆ ಅದರ ಮೇಲಿನಿಂದ ಹಿಂದಕ್ಕೆ ವಾಲುತ್ತದೆ. ಕೆಲವು ಕಾರುಗಳ ಹಿಂದಿನ ಸೀಟಿನಲ್ಲಿ ಇಳಿಸಿಟ್ಟ ಹೆಡ್‌ರೆಸ್ಟ್ ಬೆನ್ನಿಗೆ ಚುಚ್ಚುವಂತೆ ಬೇಕಂತಲೇ ಮಾಡಿರುತ್ತಾರೆ. ‘ಮೇಲೆತ್ತಿ ಕೂತ್ಕೊಳ್ಳಪ್ಪಾ’ ಎಂದು ಅದು ಹೇಳುವ ರೀತಿ. ನಾವು ಮೇಲೆತ್ತುವ ಬದಲು ಕಿತ್ತು ಅಟ್ಟಕ್ಕೆ ಹಾಕುತ್ತೇವೆ.

ನೆತ್ತಿಯ ಮಟ್ಟಕ್ಕೆ ಎತ್ತಿ ಬಿಟ್ಟ ಮೇಲೆ ‘ಟಕ್’ ಎಂದು ಕಚ್ಚಿಕೊಂಡಿತಾ ನೋಡಿ. ಬಟನ್ ಒತ್ತದೆ ಅಂಗೈಯಿಂದ ಕೆಳಕ್ಕೆ ಅದುಮಿ. ಇಳಿದುಬಿಟ್ಟರೆ ಅದು ಲಾಕ್ ಆಗಿಲ್ಲ, ಅಥವಾ ಒಳಗಿನ ಕ್ಲಿಪ್ ಮುರಿದಿದೆ.

ದೂರ: ನಾಲ್ಕು ಬೆರಳು

ತಲೆಗೂ ಹೆಡ್‌ರೆಸ್ಟಿಗೂ ನಡುವೆ ನಾಲ್ಕು ಬೆರಳಿಗಿಂತ ಜಾಸ್ತಿ ಜಾಗ ಬೇಡ. 10 ಸೆಂಟಿಮೀಟರ್ ದಾಟಿದರೆ ಪ್ರಯೋಜನ ಕಮ್ಮಿಯಾಗುತ್ತಾ ಹೋಗುತ್ತದೆ. ಕೆಲವು ಕಾರುಗಳಲ್ಲಿ ಹೆಡ್‌ರೆಸ್ಟನ್ನೇ ಮುಂದಕ್ಕೆ ಬಾಗಿಸಬಹುದು. ಇಲ್ಲದಿದ್ದರೆ ಸೀಟನ್ನು ನೆಟ್ಟಗೆ ಮಾಡುವುದೊಂದೇ ದಾರಿ.

ಮದುವೆ ಕಾರಿನದು ಬೇರೆಯದೇ ಕಥೆ. ಮದುಮಗಳಿಗೆ ಮೊಗ್ಗಿನ ಜಡೆ, ಮದುಮಗನಿಗೆ ಮೈಸೂರು ಪೇಟ. ಇಬ್ಬರ ತಲೆಯೂ ಸೀಟಿನಿಂದ ಒಂದಡಿ ಮುಂದೆ. ಪೇಟವನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಹುದು, ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ಹಾಕಿಕೊಳ್ಳಬಹುದು. ದಿನನಿತ್ಯದಲ್ಲಿ ದೊಡ್ಡ ತುರುಬು, ದಪ್ಪ ಕ್ಲಿಪ್ಪು ಇದೇ ತೊಂದರೆ ಕೊಡುತ್ತವೆ. ಚಾಟಿಯ ಹೊಡೆತ ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಹಾಗಾಗಿ ಕ್ಲಿಪ್ಪಿನ ವಿಷಯ ತಮಾಷೆಯದ್ದಲ್ಲ.

ಕುತ್ತಿಗೆಗೆಂದು ಮಾರುವ ಮೂಳೆಯಾಕಾರದ ಮೆತ್ತೆಗಳಿವೆಯಲ್ಲ, ಅವುಗಳ ಮೇಲೆ ನನಗೆ ನಂಬಿಕೆಯಿಲ್ಲ. ಹೆಡ್‌ರೆಸ್ಟಿಗೆ ಕಟ್ಟಿದರೆ ಅವು ಕುತ್ತಿಗೆಯನ್ನು ಮುಂದಕ್ಕೆ ತಳ್ಳುತ್ತವೆ, ತಲೆಯ ಹಿಂದೆ ಖಾಲಿ ಬಿಡುತ್ತವೆ. ನಮಗೆ ಬೇಕಾದ್ದು ಇದರ ಉಲ್ಟಾ. ಮುಂದಿನ ಹೆಡ್‌ರೆಸ್ಟಿನ ಬೆನ್ನಿಗೆ ಗಟ್ಟಿ ಮೊಬೈಲ್ ಸ್ಟ್ಯಾಂಡು ಹಾಕುವವರೂ ಒಮ್ಮೆ ಯೋಚಿಸಿ. ಬ್ರೇಕ್ ಹಾಕಿದಾಗ ಹಿಂದೆ ಕೂತವರ ಮುಖ ಹೋಗುವುದು ಅಲ್ಲಿಗೇ.

ಹಿಂದಿನ ಸೀಟು

ನಮ್ಮಲ್ಲಿ ಹಿರಿಯರಿಗೆ ಹಿಂದಿನ ಸೀಟು. ಮರ್ಯಾದೆ ಅಲ್ಲಿ, ಹೆಡ್‌ರೆಸ್ಟ್ ಮಾತ್ರ ಮುಂದೆ. ಕನ್ನಡಿಗೆ ಅಡ್ಡ ಎನ್ನುವವರಿಗೆ ಸುಲಭದ ದಾರಿ ಇದೆ. ಹಿಂದೆ ಯಾರೂ ಇಲ್ಲದಾಗ ಇಳಿಸಿ, ಜನ ಕೂತಾಗ ಎತ್ತಿ. ಕೀಳಬೇಡಿ.

ಬಾಡಿಗೆ ಕಾರಿನಲ್ಲಿ ಕೇಳಿ ನೋಡಿ. ‘ಅಣ್ಣಾ, ಹಿಂದಿನ ಹೆಡ್‌ರೆಸ್ಟ್ ಎಲ್ಲಿ?’ ‘ಮನೇಲಿದೆ ಸಾರ್, ಲಗೇಜಿಗೆ ಅಡ್ಡ ಆಗುತ್ತೆ ಅಂತ ತೆಗ್ದಿದ್ದು.’ ಇದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ದೂರದ ಪ್ರಯಾಣವಾದರೆ ಕಾರು ಬುಕ್ ಮಾಡುವಾಗಲೇ ಹೇಳಿಬಿಡಿ.

ಹಿಂದಿನ ಸೀಟಿನ ಮಧ್ಯದಲ್ಲಿ ಹಲವು ಕಾರುಗಳಿಗೆ ಹೆಡ್‌ರೆಸ್ಟೇ ಇರುವುದಿಲ್ಲ. ಅಲ್ಲಿ ಯಾರು ಕೂರಬೇಕು ಎಂಬುದು ದೊಡ್ಡ ಪಂಚಾಯಿತಿ. ನನ್ನ ಲೆಕ್ಕದಲ್ಲಿ ಇಬ್ಬರು ಕೂರುವುದಾದರೆ ಎರಡು ಕಿಟಕಿ ಬದಿ ಹಿಡಿಯಲಿ. ಮೂವರಾದರೆ ಗಿಡ್ಡಗಿರುವವರು ಮಧ್ಯಕ್ಕೆ. ಚಿಕ್ಕ ಮಕ್ಕಳಿಗೆ ಅವರದೇ ಸೀಟು ಬೇಕು. ಅದನ್ನು ಕೂರಿಸಲು ಕೆಲವೊಮ್ಮೆ ಹೆಡ್‌ರೆಸ್ಟ್ ತೆಗೆಯಬೇಕಾಗುತ್ತದೆ. ಮಗುವಿನ ಸೀಟು ತೆಗೆದ ದಿನ ಹೆಡ್‌ರೆಸ್ಟನ್ನು ಮತ್ತೆ ಹಾಕಲು ಮರೆಯಬೇಡಿ.

ಬೆಲ್ಟ್ ಇಲ್ಲದಿದ್ದರೆ ಇಷ್ಟೂ ದಂಡ. ಗುದ್ದಿದಾಗ ಬೆಲ್ಟ್ ಹಾಕದ ಮೈ ಸೀಟಿನ ಮೇಲೆ ಜಾರುತ್ತಾ ಮೇಲಕ್ಕೇರುತ್ತದೆ, ನೀವು ಅಳೆದಿಟ್ಟ ಎತ್ತರಕ್ಕೆ ಅರ್ಥ ಉಳಿಯುವುದಿಲ್ಲ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಎಂಬುದು ನಮ್ಮ ಕಾನೂನೂ ಹೌದು. ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯಲ್ಲಿ 1,000 ರೂಪಾಯಿ ದಂಡವಿದೆ.

ವಾಟ್ಸ್‌ಆ್ಯಪ್ಪಿನ ಒಂದು ಸುಳ್ಳು

ಹೆಡ್‌ರೆಸ್ಟನ್ನು ಕೀಳಲು ಬರುವ ಹಾಗೆ ಮಾಡಿರುವುದೇ ಕಿಟಕಿ ಗಾಜು ಒಡೆಯಲು ಎಂಬ ಮೆಸೇಜು ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಕಂಬಿಯಿಂದ ಗಾಜು ಒಡೆಯಬಹುದೇನೋ, ಆದರೆ ಅದನ್ನು ಮಾಡಿರುವುದು ಅದಕ್ಕಲ್ಲ. ಸೀಟು ಮಡಚಲು, ತೊಳೆಯಲು, ಕವರ್ ಹಾಕಲು ಅನುಕೂಲವಾಗಲಿ ಎಂದು ಅದು ಬಿಚ್ಚಿಕೊಳ್ಳುತ್ತದೆ. ಗಾಜು ಒಡೆಯಲು ಪುಟ್ಟ ಸುತ್ತಿಗೆಗಳು ಸಿಗುತ್ತವೆ, ಒಂದು ತಂದಿಡಿ.

ಹಳೇ ಅಂಬಾಸಿಡರ್ ನೆನಪಿದೆಯಾ? ಅದರ ಉದ್ದನೆಯ ಸೀಟು ಹೆಗಲಿನ ಹತ್ತಿರಕ್ಕೇ ಮುಗಿದುಹೋಗುತ್ತಿತ್ತು. ಅದೇ ಕಾಲಕ್ಕೆ, 1968ರಲ್ಲೇ, ಸ್ವೀಡನ್ನಿನ ವೋಲ್ವೋ ತನ್ನ ಕಾರುಗಳ ಮುಂದಿನ ಸೀಟಿಗೆ ಹೆಡ್‌ರೆಸ್ಟ್ ಹಾಕಿತು. ಅಮೆರಿಕದಲ್ಲಿ 1969ರ ಜನವರಿ 1ರಿಂದ ಹೊಸ ಕಾರುಗಳ ಮುಂದಿನ ಸೀಟುಗಳಿಗೆ ಅದು ಕಡ್ಡಾಯವಾಯಿತು. 1997ರಲ್ಲಿ ಸಾಬ್ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗುದ್ದಿದ ಕ್ಷಣ ಬೆನ್ನು ಸೀಟನ್ನು ಒತ್ತಿದ ಬಲದಿಂದಲೇ ಹೆಡ್‌ರೆಸ್ಟ್ ಮೇಲಕ್ಕೆ, ಮುಂದಕ್ಕೆ ಬಂದು ತಲೆಯನ್ನು ಹಿಡಿಯುವಂತೆ ಮಾಡಿತು. ಒಳ್ಳೆಯ ಸೀಟಿನಿಂದ ಎಷ್ಟು ವ್ಯತ್ಯಾಸ ಎಂದು ಅಮೆರಿಕದ ವಿಮಾ ಕಂಪನಿಗಳು ನಡೆಸುವ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ 2008ರಲ್ಲಿ ಲೆಕ್ಕ ಹಾಕಿತ್ತು. ಸೀಟು ಮತ್ತು ಹೆಡ್‌ರೆಸ್ಟ್ ‘ಉತ್ತಮ’ ಎನಿಸಿಕೊಂಡ ಕಾರುಗಳಲ್ಲಿ, ‘ಕಳಪೆ’ ಎನಿಸಿಕೊಂಡವಕ್ಕಿಂತ ಕುತ್ತಿಗೆ ಪೆಟ್ಟು 15 ಪರ್ಸೆಂಟ್ ಕಡಿಮೆ ಇತ್ತು. 3 ತಿಂಗಳು ಮೀರಿ ಉಳಿಯುವ ಪೆಟ್ಟು 35 ಪರ್ಸೆಂಟ್ ಕಡಿಮೆ ಇತ್ತು.

ಹೊಸ ಕಾರು ಕೊಳ್ಳುವವರಿಗೆ ಒಂದು ಮಾತು. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಲ್ಲಿ ಶುರುವಾದಾಗ ಅದರಲ್ಲಿ ಮುಂದಿನಿಂದ, ಪಕ್ಕದಿಂದ, ಕಂಬಕ್ಕೆ ಗುದ್ದುವ ಪರೀಕ್ಷೆಗಳಿದ್ದವು. ಹಿಂದಿನಿಂದ ಗುದ್ದಿದರೆ ಕುತ್ತಿಗೆ ಏನಾಗುತ್ತದೆ ಎಂಬ ಪರೀಕ್ಷೆ ಇರಲಿಲ್ಲ. ಅಂದರೆ ಆ ಸ್ಟಾರ್‌ಗಳು ಹೆಡ್‌ರೆಸ್ಟಿನ ಬಗ್ಗೆ ಹೇಳುವುದು ಕಡಿಮೆ. ಷೋರೂಮಿನಲ್ಲಿ ಸ್ಕ್ರೀನ್ ಎಷ್ಟು ಇಂಚು ಎಂದು ಕೇಳುವ ಮೊದಲು ಹಿಂದಿನ ಸೀಟಿನಲ್ಲಿ ಕೂತು ಅಂಗೈ ಪರೀಕ್ಷೆ ಮಾಡಿ. ಎತ್ತರದ ಮಗ ಇದ್ದರೆ ಕರೆದುಕೊಂಡು ಹೋಗಿ.

ಗುದ್ದಿಯೇಬಿಟ್ಟರೆ

ನಿಂತಿರುವಾಗ ಕನ್ನಡಿಯಲ್ಲಿ ಹಿಂದಿನ ಗಾಡಿ ನುಗ್ಗಿ ಬರುವುದು ಕಂಡಿತು, ತಪ್ಪಿಸಲು ಜಾಗವಿಲ್ಲ ಎಂದುಕೊಳ್ಳಿ. ತಿರುಗಿ ನೋಡಬೇಡಿ. ತಲೆಯನ್ನು ಹೆಡ್‌ರೆಸ್ಟಿಗೆ ಒತ್ತಿ ನೇರ ಮುಂದೆ ನೋಡಿ. ಕುತ್ತಿಗೆ ತಿರುಗಿರುವಾಗ ಬೀಳುವ ಪೆಟ್ಟು ಕೆಟ್ಟದ್ದು.

ಆಮೇಲೆ ಒಂದೆರಡು ದಿನ ಮೈ ಮೇಲೆ ಗಮನವಿರಲಿ. ನೋವು ಆ ಕ್ಷಣಕ್ಕೇ ಬರಬೇಕೆಂದಿಲ್ಲ, ಮಾರನೇ ದಿನವೂ ಬರಬಹುದು. ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಏಕೆಂದರೆ ಹೆಚ್ಚಿನ ಸಲ ಪೆಟ್ಟು ಮೂಳೆಗಲ್ಲ, ಸ್ನಾಯುವಿಗೆ. ಹಾಗೆಂದು ನೋವು ಸುಳ್ಳಲ್ಲ. ಕುತ್ತಿಗೆ ಎಳೆದು ‘ನೆಟಿಕೆ’ ತೆಗೆಯುವವರ ಹತ್ತಿರ ಮಾತ್ರ ಹೋಗಬೇಡಿ. ಕೈಕಾಲು ಜೋಮು ಹಿಡಿದರೆ, ಬಲ ಕಳೆದುಕೊಂಡರೆ, ತಲೆ ಸುತ್ತಿದರೆ ಅಥವಾ ಕುತ್ತಿಗೆಯಲ್ಲಿ ತಡೆಯಲಾರದ ನೋವಿದ್ದರೆ ಪೆಟ್ಟು ಬಿದ್ದವರನ್ನು ಎಳೆದಾಡದೆ 108ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ ಅಲ್ಲಿನ ಸಹಾಯವಾಣಿ 1033 ಕೂಡ ಇದೆ.

ನಮ್ಮ ಕಾರಿನ ಐದೂ ಸೀಟಿಗೆ ಈಗ ಹೆಡ್‌ರೆಸ್ಟ್ ಇದೆ. ಹೊರಡುವಾಗ ಜನ ಬದಲಾದಂತೆ ಎತ್ತರವೂ ಬದಲಾಗಬೇಕು, ಅದಕ್ಕೆ ಒಬ್ಬೊಬ್ಬರಿಗೆ ಐದು ಸೆಕೆಂಡು ಸಾಕು. ಹೋದ ವಾರ ದೊಡ್ಡಮ್ಮನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ. ಕೂತವರೇ ಅಂಗೈಯನ್ನು ನೆತ್ತಿಯ ಮೇಲಿಟ್ಟು ಹಿಂದಕ್ಕೆ ಸರಿಸಿ ನೋಡಿದರು. ‘ಈ ದಿಂಬು ಇನ್ನೊಂದು ಚೂರು ಮೇಲೆ ಎತ್ತೋ’ ಎಂದರು. ಅದು ದಿಂಬಲ್ಲ ಎಂದು ಹೇಳಲು ಹೋಗಲಿಲ್ಲ. ಎತ್ತಿದೆ, ‘ಟಕ್’ ಎಂದಿತು, ಹೊರಟೆವು.