ವೋಟರ್ ಐಡಿ ಸಿಗುತ್ತಿಲ್ಲವೇ? ಬೇರೆ ದಾಖಲೆ ತೋರಿಸಿ ವೋಟು ಹಾಕಿ

ಮತದಾನದ ದಿನ ಬೆಳಿಗ್ಗೆ ಬೀರು ತಡಕಾಡಿ, ವೋಟರ್ ಐಡಿ ಸಿಗಲಿಲ್ಲವೆಂದು ಮನೆಯಲ್ಲೇ ಕೂತುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕಾರ್ಡ್ ಇಲ್ಲದೆಯೂ ವೋಟು ಹಾಕಬಹುದು. ಆದರೆ ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಯಾವ ಕಾರ್ಡ್ ತೋರಿಸಿದರೂ ಪ್ರಯೋಜನವಿಲ್ಲ.

ಹಾಗಾಗಿ ಮೊದಲು ಹೆಸರು ನೋಡಿಕೊಳ್ಳಿ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಹುಡುಕಿ, ಇಲ್ಲವೇ 1950ಕ್ಕೆ ಫೋನ್ ಮಾಡಿ. ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದಿಟ್ಟುಕೊಳ್ಳಿ. ಹೆಸರಿಲ್ಲದಿದ್ದರೆ ನಮೂನೆ 6 ತುಂಬಿ ಕೊಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಹೊಸ ಹೆಸರು ಸೇರಿಸುವುದಿಲ್ಲ.

ಆಮೇಲೆ ದಾಖಲೆ. 2024ರ ಲೋಕಸಭಾ ಚುನಾವಣೆಯಲ್ಲಿ ವೋಟರ್ ಐಡಿ ಬದಲಿಗೆ 12 ದಾಖಲೆಗಳಿಗೆ ಒಪ್ಪಿಗೆ ಇತ್ತು. ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್ ಎಲ್ಲವೂ ಅದರಲ್ಲಿದ್ದವು. ಫೋನಿನಲ್ಲಿರುವ ಫೋಟೋ ನಂಬಿಕೊಂಡು ಹೋಗಬೇಡಿ, ಮೂಲ ದಾಖಲೆಯನ್ನೇ ಒಯ್ಯಿರಿ. ವಿದೇಶದಲ್ಲಿದ್ದು ಅನಿವಾಸಿ ಮತದಾರರಾಗಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಮೂಲ ಪಾಸ್‌ಪೋರ್ಟೇ ಬೇಕು.

ಜಾಸ್ತಿ ಗೊಂದಲ ಆಗುವುದು ಮತದಾರರ ಚೀಟಿಯ ವಿಷಯದಲ್ಲಿ. ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಮನೆಗೆ ತಂದುಕೊಡುವ ಚೀಟಿಯಾಗಲಿ, ಬೂತ್ ಹೊರಗೆ ಪಕ್ಷದವರು ಬರೆದುಕೊಡುವ ಚೀಟಿಯಾಗಲಿ ಪಟ್ಟಿಯಲ್ಲಿ ನಿಮ್ಮ ಹೆಸರು ಬೇಗ ಹುಡುಕಲು ಅಷ್ಟೇ. 2019ರಿಂದ ಈಚೆಗೆ ಬರೀ ಚೀಟಿ ತೋರಿಸಿ ವೋಟು ಹಾಕುವಂತಿಲ್ಲ.

ಕಾರ್ಡಿನಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೆ ಹೆದರಬೇಡಿ, ಗುರುತು ಖಚಿತವಾದರೆ ಸಾಕು. ಫೋಟೋ ಹೋಲದಿದ್ದರೆ ಇನ್ನೊಂದು ದಾಖಲೆ ತೋರಿಸಿ.

ಒಳಗೆ ಮೊದಲ ಮತಗಟ್ಟೆ ಅಧಿಕಾರಿ ದಾಖಲೆ ನೋಡಿ ನಿಮ್ಮ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಒಳಗೆ ಕೂತಿರುವ ಅಭ್ಯರ್ಥಿಗಳ ಏಜೆಂಟರಿಗೆ ಕೇಳಿಸಲಿ ಎಂದೇ ಹಾಗೆ ಓದುವುದು. ನಂತರ ರಿಜಿಸ್ಟರಿನಲ್ಲಿ ಸಹಿ, ಎಡಗೈ ತೋರುಬೆರಳಿಗೆ ನಮ್ಮ ಮೈಸೂರಿನಲ್ಲೇ ತಯಾರಾಗುವ ಶಾಯಿ.

‘ನಿಮ್ಮ ವೋಟು ಆಗಲೇ ಬಿದ್ದಿದೆ’ ಎಂದರೆ? ಸುಮ್ನೆ ವಾಪಸ್ ಬರಬೇಡಿ. ಮತಗಟ್ಟೆಯ ಮುಖ್ಯಸ್ಥರಾದ ಪಿಆರ್‌ಒ ಬಳಿ ಟೆಂಡರ್ಡ್ ವೋಟ್ ಕೇಳಿ. ಅವರ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೆ ಮತಯಂತ್ರದ ಬದಲು ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಯ ದಿನ ಅದು ಲೆಕ್ಕಕ್ಕೆ ಬರುವುದಿಲ್ಲ, ಫಲಿತಾಂಶ ಕೋರ್ಟ್ ಮೆಟ್ಟಿಲೇರಿದಾಗ ಬರಬಹುದು. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಗೆಲುವಿನ ಅಂತರ ಒಂದೇ ಒಂದು ಮತ. ಹಾಗಾಗಿ ಕೇಳುವುದಕ್ಕೆ ಸಂಕೋಚ ಬೇಡ, ಅದು ನಿಮ್ಮ ಹಕ್ಕು.